ಒಂಬತ್ತನೆಯ ಗೇಟಿನ ಹಸಿರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಂದು ನನಗೆ ಬುದ್ಧಿ ಹೇಳುವ ಕಷ್ಟ ತೆಗೆದುಕೊಳ್ಳುವುದು ಬೇಡ. ಅಣ್ಣ ನನ್ನನ್ನು ಮೆಣಸಿನಕಾಯಿ ಎಂದು ಕರೆಯಲು ಶುರು ಮಾಡಿದಾಗ ನನಗೆ ನಾಲ್ಕು ವರ್ಷವಂತೆ. ಈಗ ಮೂವತ್ತಾರು. ಹೆಸರೂ ಹೋಗಿಲ್ಲ, ಖಾರವೂ ಇಳಿದಿಲ್ಲ.

ನಮ್ಮದು ನಾಲೆ ಆಫೀಸು. ಅಣೆಕಟ್ಟಿನಿಂದ ಬಿಟ್ಟ ನೀರು ನಾಲೆಯಲ್ಲಿ ಹರಿದು ಬರುವ ದಾರಿಯಲ್ಲಿ ಒಂಬತ್ತು ಗೇಟುಗಳಿವೆ. ಪ್ರತಿ ಗೇಟಿಗೂ ಒಂದು ಪುಟ್ಟ ಕೋಣೆ, ಒಂದು ಕಬ್ಬಿಣದ ಚಕ್ರ, ಆ ಚಕ್ರ ತಿರುಗಿಸುವ ಒಬ್ಬ ಮನುಷ್ಯ. ನೀರು ಎಷ್ಟು ಅಡಿ ಇದೆ, ಯಾರು ಎಷ್ಟು ಸುತ್ತು ಗೇಟು ಎತ್ತಬೇಕು ಎಂಬ ಸುದ್ದಿ ದಿನಕ್ಕೆ ಎರಡು ಸಲ ಆಫೀಸಿನಿಂದ ಒಂಬತ್ತೂ ಕಡೆಗೆ ಹೋಗಬೇಕು. ಕೊನೆಯ ಗೇಟು, ಒಂಬತ್ತನೆಯದು, ನನ್ನ ಅಣ್ಣನದು. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ಗೇಟು ಅದು. ಇಪ್ಪತ್ತೊಂದು ವರ್ಷ ಅಲ್ಲೇ ಇದ್ದದ್ದರಿಂದ ಸುತ್ತಲಿನವರಿಗೆಲ್ಲ ಅವನು ಗೇಟಣ್ಣ.

ಸುದ್ದಿ ಕಳಿಸುವ ಕೆಲಸವನ್ನು ಇಪ್ಪತ್ತೆಂಟು ವರ್ಷ ಒಬ್ಬರೇ ಮಾಡಿದವರು ಹಲೋ ಮಾವ. ಎದುರಿಗೇ ಕೂತವರ ಜೊತೆ ಮಾತಾಡುವಾಗಲೂ ‘ಹಲೋ’ ಎಂದೇ ಶುರು ಮಾಡುತ್ತಿದ್ದರು, ಅದಕ್ಕೇ ಆ ಹೆಸರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಒಂದೊಂದೇ ಗೇಟಿಗೆ ಫೋನು ಮಾಡುತ್ತಿದ್ದರು. “ಹಲೋ, ಮೂರನೇ ಗೇಟಾ? ನಾಲ್ಕು ಅಡಿ ಎರಡು ಅಂಗುಲ. ಐದು ಸುತ್ತು ಎತ್ತು. ತಿರುಗಿ ಹೇಳು.” ಆ ಕಡೆಯವನು ತಿರುಗಿ ಹೇಳುವವರೆಗೆ ಮಾವ ಫೋನು ಇಡುತ್ತಿರಲಿಲ್ಲ. ತಪ್ಪು ಹೇಳಿದರೆ ಮಂಗಳಾರತಿ. “ಹಲೋ, ಕಿವಿಗೇನು ಹತ್ತಿ ತುರುಕ್ಕೊಂಡಿದೀಯಾ?” ಒಂಬತ್ತು ಗೇಟು ಮುಗಿಸಲು ಅವರಿಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು.

ಮಾವ ನಿವೃತ್ತರಾಗುವ ವರ್ಷ ಮೇಲಿನವರು ಹೊಸ ಸಾಫ್ಟ್‌ವೇರ್ ತರಿಸಿದರು. ಆಫೀಸಿನ ಕಂಪ್ಯೂಟರಿಗೆ ಬಂದ ನೀರಿನ ಮಟ್ಟವನ್ನು ತಾನೇ ಒಂಬತ್ತೂ ಗೇಟಿಗೆ ಹಂಚುವ ಸಾಫ್ಟ್‌ವೇರ್. ಗೇಟಿನ ಕೋಣೆಯಲ್ಲಿ ಗೋಡೆಗೆ ಒಂದು ಪರದೆ, ಅದರ ಕೆಳಗೆ ಒಂದು ಗುಂಡಿ. ಸುದ್ದಿ ಬಂದರೆ ಗಂಟೆ ಬಾರಿಸುತ್ತದೆ. ಗೇಟಿನವನು ಅಂಕಿ ಓದಿ ಗುಂಡಿ ಒತ್ತಿದರೆ ಗಂಟೆ ನಿಲ್ಲುತ್ತದೆ, ಇತ್ತ ಆಫೀಸಿನ ಗೋಡೆಯ ಮೇಲೆ ಆ ಗೇಟಿನ ಹೆಸರು ಹಸಿರಾಗುತ್ತದೆ. ಇದನ್ನು ಕೂರಿಸಿ, ಪರೀಕ್ಷೆ ಮಾಡಿ, ಸಹಿ ಹಾಕಿ ಒಪ್ಪಿಸುವ ಹೊಣೆ ನನ್ನದು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಯಾಕೆ ಸುಳ್ಳು ಹೇಳಲಿ?

ಶುರುವಿನಲ್ಲಿ ಎಲ್ಲ ಎಡವಟ್ಟೇ. ನಾಲ್ಕನೇ ಗೇಟಿನ ಸುದ್ದಿ ಐದಕ್ಕೆ ಹೋಯಿತು, ಐದರದ್ದು ಎಲ್ಲಿಗೂ ಹೋಗಲಿಲ್ಲ. ಪರೀಕ್ಷೆಗೆಂದು ನಾನು ‘ತೊಂಬತ್ತೊಂಬತ್ತು ಅಡಿ’ ಎಂದು ಕಳಿಸಿದ ದಿನ ಮೂರನೇ ಗೇಟಿನವನು ಕೋಣೆಗೆ ಬೀಗ ಕೂಡ ಹಾಕದೆ, ಸೈಕಲ್ ತುಳಿದುಕೊಂಡು, ಏದುಸಿರು ಬಿಡುತ್ತ ಆಫೀಸಿಗೇ ಬಂದುಬಿಟ್ಟ. “ಅಮ್ಮಾ, ಪ್ರಳಯ ಆಗೋಗುತ್ತೆ, ನಮ್ಮನೆಯೋರಿಗೆ ಹೇಳಿ ಬಂದಿದೀನಿ, ನೀವೂ ಹೊರಡಿ” ಎಂದ. ಆಫೀಸೆಲ್ಲ ಬಿದ್ದು ಬಿದ್ದು ನಕ್ಕಿತು. ಹಲೋ ಮಾವ ಮಾತ್ರ ನಗಲಿಲ್ಲ.

“ಹಲೋ, ಒಂದು ಕೇಳ್ತೀನಿ. ನಿನ್ನ ಯಂತ್ರ ತಿರುಗಿ ಹೇಳಿಸುತ್ತಾ?”

“ಹಸಿರು ಬರುತ್ತಲ್ಲ ಮಾವ, ಅದೇ ತಿರುಗಿ ಹೇಳಿದ ಹಾಗೆ.”

“ಹಸಿರು ಅಂದ್ರೆ ಗುಂಡಿ ಒತ್ತಿದ ಅಂತ. ಅವನ ತಲೆಗೆ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?”

ಮುದುಕರಿಗೆ ಕೆಲಸ ಹೋಗುವ ಹೊಟ್ಟೆಯುರಿ ಅಂದುಕೊಂಡೆ. ಆದರೂ ಮಾತು ತಲೆಯಲ್ಲಿ ಕೊರೆಯಿತು. ಪರೀಕ್ಷೆಯ ಹಾಳೆಯಲ್ಲಿ ಕಂಪನಿಯವರು ಕೊಟ್ಟದ್ದು ಎರಡೇ ಕಾಲಂ: ಕಳಿಸಿದ್ದು, ತಲುಪಿದ್ದು. ನಾನೇ ಸ್ಕೇಲಿಟ್ಟು ಗೆರೆ ಎಳೆದು ಮೂರನೆಯದನ್ನು ಸೇರಿಸಿದೆ: ಓದಿದ್ದು. ಪರೀಕ್ಷೆ ಮಾಡುವವರು ಗೇಟಿನ ಕೋಣೆಗೇ ಹೋಗಿ, ಪಕ್ಕದಲ್ಲಿ ನಿಂತು, ಗೇಟಿನವನಿಂದ ಅಂಕಿಯನ್ನು ಬಾಯಿಬಿಟ್ಟು ಓದಿಸಿ, ಆಮೇಲೆ ಗುರುತು ಹಾಕಬೇಕು ಎಂದು ಕೆಳಗೆ ನಿಯಮವನ್ನೂ ಬರೆದೆ. ಸಾಹೇಬರು ಬೆನ್ನು ತಟ್ಟಿದರು. ಒಂದನೇ ಗೇಟಿನಿಂದ ಎಂಟನೆಯದರವರೆಗೆ ನಾನೇ ಹೋದೆ. ಆರನೆಯವನಿಗೆ ಪರದೆ ತೀರಾ ಎತ್ತರವಾಯಿತು, ಇಳಿಸಿಕೊಟ್ಟೆ. ಎರಡನೆಯವನು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ, ತರಿಸಿ ಓದಿಸಿದೆ. ಅಷ್ಟು ಅಚ್ಚುಕಟ್ಟು ನಾನು.

ಒಂಬತ್ತನೆಯದಕ್ಕೆ ಹೋಗಲಿಲ್ಲ.

ಯಾಕೆಂದರೆ ಎಂಟು ತಿಂಗಳಿಂದ ಅಣ್ಣನಿಗೂ ನನಗೂ ಮಾತಿರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದ ದಿನ ಅವನು ಏನೋ ತರುತ್ತೇನೆಂದು ನನ್ನ ಸ್ಕೂಟರ್ ತೆಗೆದುಕೊಂಡು ಹೋದ. ಇಪ್ಪತ್ತು ಹೆಜ್ಜೆ ದೂರ ಹೋಗಿಲ್ಲ, ಸೀದಾ ಕಾಂಪೌಂಡಿನ ಕಂಬಕ್ಕೆ ಗುದ್ದಿದ. ಹಾಡಹಗಲು, ಖಾಲಿ ರಸ್ತೆ, ಆನೆಯಂಥ ಕಂಬ. ಹೆಡ್‌ಲೈಟು ಚೂರು ಚೂರಾಗಿತ್ತು. ನಾನು ಊಟದ ಕೈಯಲ್ಲೇ ಹೊರಗೆ ಓಡಿಬಂದೆ.

“ಕಣ್ಣು ನೆತ್ತಿ ಮೇಲಿದೆಯಾ? ಹಗಲುಹೊತ್ತಲ್ಲೇ ಕುಡಿದಿದೀಯಾ, ಅಪ್ಪನ ಥರ?”

ಇಪ್ಪತ್ತು ಜನ ಕೇಳಿಸಿಕೊಂಡರು. ಅಪ್ಪ ಕುಡಿದು ಸತ್ತದ್ದು. ಆ ವಾಸನೆ ಕಂಡರೆ ಆಗದೆ ಅಣ್ಣ ಕೆಮ್ಮಿನ ಔಷಧಿಯನ್ನು ಕೂಡ ಮುಟ್ಟದವನು. ಅವನು ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ ನನ್ನ ಮುಖ ನೋಡದೆ ನನ್ನ ಕಿವಿಯ ಕಡೆ ಎಲ್ಲೋ ನೋಡುತ್ತಿದ್ದ. ಮುಖ ಕೊಟ್ಟು ನೋಡಲು ನಾಚಿಕೆ, ಹಾಗಾದರೆ ಕುಡಿದದ್ದು ನಿಜ ಎಂದುಕೊಂಡೆ. ಅತ್ತಿಗೆ ಬಾಯಿ ತೆರೆದಳು. ಅವನು ಅವಳ ಕೈ ಅದುಮಿ ಸುಮ್ಮನಾಗಿಸಿದ. ಇಬ್ಬರೂ ಊಟ ಮಾಡದೆ ಹೊರಟುಹೋದರು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತಾರೆ. ನನಗೆ ಶಾಂತಿಯೂ ಬರಲಿಲ್ಲ. ಅವನೇ ಮೊದಲು ಮಾತಾಡಲಿ ಎಂದು ಬಿಗಿದುಕೊಂಡು ಕೂತೆ. ಅವನೂ ಅದೇ ತಾಯಿಯ ಮಗ, ಮಾತಾಡಲಿಲ್ಲ.

ಹಾಗಾಗಿ ಒಂಬತ್ತನೆಯ ಗೇಟಿಗೆ ಪರದೆ ಕೂರಿಸಲು ವೈರಿಂಗ್ ಮಾಡುವವನನ್ನು ಕಳಿಸಿದೆ. ಅವನು ಮೊಳೆ ಹೊಡೆದು, ತಂತಿ ಎಳೆದು ವಾಪಸ್ಸಾದ. ಪರೀಕ್ಷೆಯನ್ನು ಫೋನಿನಲ್ಲೇ ಮುಗಿಸಿದೆ. ಆ ಮಾತುಕತೆ ನನಗೆ ಅಕ್ಷರ ಬಿಡದೆ ನೆನಪಿದೆ. ಆಫೀಸಿನಿಂದ ಸುದ್ದಿ ಕಳಿಸಿದೆ. ಫೋನಿನಲ್ಲಿ ಅವನ ಕೋಣೆಯ ಗಂಟೆ ನನಗೂ ಕೇಳಿಸಿತು.

“ಬಂತಾ?” ಎಂದೆ.

“ಬಂತು.”

“ಗುಂಡಿ ಒತ್ತು.”

ಗೋಡೆಯ ಮೇಲೆ ಒಂಬತ್ತನೆಯ ಹೆಸರು ಹಸಿರಾಯಿತು. ನಾನು ಫೋನು ಇಡಬೇಕು, ಅಷ್ಟರಲ್ಲಿ ಅವನು, “ಇನ್ನೊಂದು ವಿಷಯ ಇತ್ತು ಕಣೇ” ಎಂದ.

“ಕೆಲಸದ ವಿಷಯ ಆದ್ರೆ ಹೇಳು.”

“ಏನಿಲ್ಲ ಬಿಡು” ಎಂದ.

ಬಂತಾ ಎಂದು ಕೇಳಿದ ಈ ಎಲುಬಿಲ್ಲದ ನಾಲಿಗೆಗೆ ‘ಎಷ್ಟು’ ಎಂಬ ಇನ್ನೊಂದು ಮಾತು ಭಾರವಾಗುತ್ತಿತ್ತೇ? ಎಷ್ಟು ಬಂದಿದೆ ಎಂದು ಕೇಳಿದ್ದರೆ ಸಾಕಿತ್ತು. ಮೂರನೆಯ ಕಾಲಮ್ಮಿನಲ್ಲಿ ಒಂಬತ್ತನೆಯ ಗೇಟಿನ ಎದುರು ನಾನು ಗುರುತು ಹಾಕಿದೆ, ಕೆಳಗೆ ಸಹಿ ಮಾಡಿದೆ. ನಾನೇ ಎಳೆದ ಗೆರೆ, ನಾನೇ ಬರೆದ ನಿಯಮ.

ಆಮೇಲೆ ಹದಿನೈದು ದಿನ ಹೊಸದೂ ಹಳೆಯದೂ ಜೊತೆಜೊತೆಗೆ ನಡೆದವು. ಪರದೆಗೂ ಸುದ್ದಿ ಹೋಗುತ್ತಿತ್ತು, ಮಾವನೂ ಫೋನು ಮಾಡುತ್ತಿದ್ದರು. ಹದಿನೈದು ದಿನವೂ ಒಂಬತ್ತೂ ಹಸಿರು. ಒಂಬತ್ತನೆಯ ಗೇಟಿನಲ್ಲಿ ಒಂದು ಸುತ್ತೂ ಹೆಚ್ಚುಕಡಿಮೆ ಆಗಲಿಲ್ಲ. ಹದಿನಾರನೆಯ ದಿನ ಮಾವನಿಗೆ ಶಾಲು ಹೊದಿಸಿ ಕಳಿಸಿಕೊಟ್ಟೆವು, ಅವರ ಫೋನಿನ ಮೇಜನ್ನು ಉಗ್ರಾಣಕ್ಕೆ ಹಾಕಿದೆವು. ಬಾಗಿಲಲ್ಲಿ ನಿಂತು ಅವರು, “ಹಲೋ, ನಿಮ್ಮಣ್ಣನ ಹತ್ರ ಮಾತಾಡಮ್ಮ. ಇತ್ತೀಚೆಗೆ ದಿನಾ ಎರಡೆರಡು ಸಲ ಹೇಳಿಸ್ಕೋತಾನೆ, ಏನೋ ಹೆದರಿಕೊಂಡವನ ಹಾಗೆ” ಎಂದರು. ಸರಿ ಮಾವ ಎಂದೆ. ಮಾತಾಡಲಿಲ್ಲ.

ಹನ್ನೆರಡು ದಿನ ಕಳೆದವು. ಹನ್ನೆರಡನೆಯ ದಿನ ಮೇಲಿನ ಕಚೇರಿಯಿಂದ ಆರು ಜನ ನಮ್ಮ ಹೊಸ ವ್ಯವಸ್ಥೆ ನೋಡಲು ಬಂದರು. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ಗೋಡೆಯ ಮುಂದೆ ಕಡ್ಡಿ ಹಿಡಿದು ನಿಂತು ವಿವರಿಸುತ್ತಿದ್ದೆ. ಆಗಲೇ ಏಳನೇ ಗೇಟಿನ ಮೇಲಿನ ಬೆಟ್ಟದಲ್ಲಿ ಜೋರು ಮಳೆಯಾಗಿ, ಅಲ್ಲಿ ನಾಲೆಗೆ ಸೇರುವ ತೊರೆ ಉಕ್ಕಿತು. ಕಂಪ್ಯೂಟರು ತಾನೇ ಲೆಕ್ಕ ಹಾಕಿ ತಾನೇ ಸುದ್ದಿ ಹಂಚಿತು. ನೋಡಲು ಬಂದವರ ಪುಣ್ಯ, ಕಣ್ಣೆದುರೇ ನಿಜವಾದ ಸುದ್ದಿ! ಒಂದೊಂದೇ ಹೆಸರು ಹಸಿರಾಗುತ್ತ ಹೋಯಿತು. ಕೊನೆಗೆ ಒಂಬತ್ತನೆಯದು.

“ನಲವತ್ತೊಂದು ಸೆಕೆಂಡು” ಎಂದೆ. “ಮೊದಲು ಮುಕ್ಕಾಲು ಗಂಟೆ ಹಿಡೀತಿತ್ತು ಸರ್.”

ಅವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ನನ್ನ ಕೈಯಲ್ಲಿದ್ದ ಫೋನು ನಡುಗಿತು. ನೋಡಿದರೆ ‘ಅಣ್ಣ’. ಒಂಬತ್ತು ತಿಂಗಳಲ್ಲಿ ಅವನಾಗಿಯೇ ಮಾಡಿದ್ದು ಇದೇ ಮೊದಲು. ಕತ್ತರಿಸಿದೆ. ಮತ್ತೆ ನಡುಗಿತು. ಮತ್ತೆ ಕತ್ತರಿಸಿ ಬ್ಯಾಗಿನೊಳಗೆ ಹಾಕಿದೆ. ಆ ಕ್ಷಣ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ನನಗೆ ಖುಷಿಯಾಗಿತ್ತು. ಈಗ ಬಂದೆಯಾ ದಾರಿಗೆ, ಸ್ವಲ್ಪ ಕಾಯಿ, ಕಾದರೆ ಗೊತ್ತಾಗುತ್ತದೆ ಅಂದುಕೊಂಡೆ.

ಸಂಜೆ ಐದಕ್ಕೆ ಸುದ್ದಿ ಬಂತು. ಒಂಬತ್ತನೆಯ ಗೇಟಿನ ಹತ್ತಿರ ನಾಲೆಯ ಏರಿ ಮೀರಿ ನೀರು ಕೆಳಗಿನ ಬೀದಿಗೆ ನುಗ್ಗಿತ್ತು. ಹನ್ನೊಂದು ಮನೆ, ಒಂದು ಹೊಲಿಗೆ ಅಂಗಡಿ. ಯಾರ ಜೀವವೂ ಹೋಗಲಿಲ್ಲ, ಅದೊಂದು ದೊಡ್ಡ ಪುಣ್ಯ. ಒಬ್ಬ ಅಜ್ಜ ಓಡಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಮರುದಿನ ನಾನು ಹೋಗಿ ನೋಡಿದೆ. ಹೊಲಿಗೆಯವಳು ಶಾಲೆ ಮಕ್ಕಳಿಗೆಂದು ಹೊಲಿದಿಟ್ಟ ಅಂಗಿಗಳನ್ನು ಕೆಸರಿನಿಂದ ಒಂದೊಂದೇ ಎತ್ತಿ ಹಿಂಡುತ್ತಿದ್ದಳು. “ಗುಂಡಿ ಒತ್ತಿ ಮಲಗಿಬಿಟ್ಟನಂತೆ ನಿಮ್ಮ ಗೇಟಣ್ಣ” ಎಂದಳು. ನಾನು ಅವನ ತಂಗಿ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನನಗೂ ಹಾಗೇ ಅನಿಸಿತ್ತು. ಕಂಪ್ಯೂಟರಿನ ದಾಖಲೆ ಸ್ಪಷ್ಟವಾಗಿತ್ತು: ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಕಳಿಸಿದ್ದು, ಅದೇ ನಿಮಿಷಕ್ಕೆ ತಲುಪಿದ್ದು, ಹದಿಮೂರಕ್ಕೆ ಗುಂಡಿ ಒತ್ತಿದ್ದು. ಆರು ಅಡಿ, ಹದಿನೆಂಟು ಸುತ್ತು ಎತ್ತಿ. ನೀರು ಅಲ್ಲಿಗೆ ಮುಟ್ಟಲು ಒಂದು ಗಂಟೆ ಬೇಕು. ಒಂದು ಗಂಟೆಯಲ್ಲಿ ಹದಿನೆಂಟು ಸುತ್ತು ಅವನಿಗೆ ಯಾವ ಮಹಾ?

ಐದನೆಯ ದಿನ ವಿಚಾರಣೆ. ಸಾಹೇಬರ ಕೋಣೆಯ ಹೊರಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ನಾನು ಕಾಣದವಳ ಹಾಗೆ ದಾಟಿ ಹೋಗುತ್ತಿದ್ದೆ. ಅತ್ತಿಗೆ ಎದ್ದು ಬಂದು ನನ್ನ ರಟ್ಟೆ ಹಿಡಿದು ನೀರಿನ ಡ್ರಮ್ಮಿನ ಹತ್ತಿರ ಎಳೆದುಕೊಂಡು ಹೋದಳು.

“ಒಂದೇ ಮಾತು ಹೇಳ್ತೀನಿ, ಆಮೇಲೆ ನೀನು ಏನಾದ್ರೂ ಮಾಡ್ಕೋ. ನಿಮ್ಮಣ್ಣನಿಗೆ ಕಣ್ಣು ಕಾಣಲ್ಲ.”

“ಏನಂದೆ?”

“ಒಂದೂವರೆ ವರ್ಷ ಆಯ್ತು. ಒಳಗಿನ ನರ ಹೋಗ್ತಿದೆಯಂತೆ, ಕನ್ನಡಕ ಹಾಕಿದ್ರೂ ಪ್ರಯೋಜನ ಇಲ್ಲವಂತೆ. ಸುತ್ತಮುತ್ತ ಕಾಣುತ್ತೆ, ನಡುವೆ ಮಾತ್ರ ಮಸಿ ಬಳಿದ ಹಾಗೆ. ಓಡಾಡ್ತಾರೆ, ಚಕ್ರ ತಿರುಗಿಸ್ತಾರೆ. ಆದ್ರೆ ಎದುರಿಗಿರೋ ಮುಖ ಕಾಣಲ್ಲ, ಅಕ್ಷರ ಕಾಣಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು.”

ಚಿಕ್ಕಮ್ಮನ ಮನೆಯ ಕಂಬ. ನನ್ನ ಕಿವಿಯ ಕಡೆ ನೋಡುತ್ತಿದ್ದ ಅವನ ಕಣ್ಣು. ಮುಖ ತಪ್ಪಿಸಿದ್ದಲ್ಲ ಅವನು, ಓರೆಗಣ್ಣಿನಲ್ಲಿ ನನ್ನ ಮುಖ ಹುಡುಕುತ್ತಿದ್ದ.

“ಮತ್ತೆ ಆ ಪರದೆ? ಇಷ್ಟು ದಿನ?”

“ನಾನೇ ಓದ್ತಿದ್ದೆ. ಬೆಳಿಗ್ಗೆ ತಿಂಡಿ ತಗೊಂಡು ಆರಕ್ಕೆ ಹೋಗಿ ಓದೋದು, ಸಂಜೆ ಮತ್ತೆ ಹೋಗಿ ಓದೋದು. ಆವತ್ತು ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ರು ಅಂತ ಫೋನ್ ಬಂತು. ಬೆಳಗಿನದು ಓದಿಕೊಟ್ಟು ಹೋದೆ, ಸಂಜೆ ಆರರೊಳಗೆ ಬಂದುಬಿಡ್ತೀನಿ ಅಂದೆ. ನಡುವೆ ಮೂರು ಗಂಟೆಗೆ ಅದು ಹೊಡ್ಕೊಳ್ಳುತ್ತೆ ಅಂತ ಯಾರಿಗೆ ಗೊತ್ತಿತ್ತು?” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೊತ್ತಲ್ಲದ ಹೊತ್ತಿಗೆ ಗಂಟೆ ಹೊಡೆದಾಗಲೇ ಅವರಿಗೆ ಏನೋ ಆಗಿದೆ ಅಂತ ಗೊತ್ತಾಗಿದೆ. ಗಂಟೆ ನಿಲ್ಲಲಿ ಅಂತ ಅಭ್ಯಾಸದ ಮೇಲೆ ಗುಂಡಿ ಒತ್ತಿಬಿಟ್ಟಿದಾರೆ. ಎಷ್ಟು ಸುತ್ತು ಅಂತ ಗೊತ್ತಿಲ್ಲದೆ ಎತ್ತೋ ಹಾಗಿಲ್ಲ, ಕೆಳಗಡೆ ಹಳ್ಳದಲ್ಲಿ ಜನ ದಾಟ್ತಿರ್ತಾರೆ. ಅವರ ಫೋನಲ್ಲಿ ನಾನು ಎರಡು ಗುಂಡಿ ಮಾಡಿಕೊಟ್ಟಿದೀನಿ. ಒಂದು ಒತ್ತಿದ್ರೆ ನನಗೆ ಬರುತ್ತೆ, ಎರಡು ಒತ್ತಿದ್ರೆ ನಿನಗೆ. ನಾನು ಬಸ್ಸಲ್ಲಿದ್ದೆ, ಸಿಗ್ನಲ್ ಇರಲಿಲ್ಲ.”

ಅವಳು ಅಷ್ಟಕ್ಕೇ ನಿಲ್ಲಿಸಿದಳು. ಎರಡನೆಯ ಗುಂಡಿಯ ಕತೆ ನನಗೆ ಗೊತ್ತಿತ್ತು.

ಮುಂದಿನದನ್ನು ಅವಳು ಚೂರುಪಾರು ಹೇಳಿದಳು. ನಾಲೆಯ ಸದ್ದು ಬದಲಾದದ್ದು ಕಿವಿಗೆ ಬಿದ್ದಾಗ ಅವನು ಹಳ್ಳದ ಕಡೆ ಓಡಿ, ಕೂಗಿ ಜನರನ್ನು ಎಬ್ಬಿಸಿ, ವಾಪಸು ಬಂದು ಚಕ್ರಕ್ಕೆ ಕೈ ಹಾಕಿದ. ಹನ್ನೊಂದು ಸುತ್ತಾಗುವ ಹೊತ್ತಿಗೆ ನೀರು ಏರಿ ಮೀರಿತು. ಮೀರಿದ ಮೇಲೂ ತಿರುಗಿಸುತ್ತಲೇ ಇದ್ದನಂತೆ. ಅಂಗೈಯ ಚರ್ಮ ಚಕ್ರಕ್ಕೇ ಅಂಟಿಕೊಂಡಿತ್ತು ಎಂದಳು.

“ಸಾಹೇಬರ ಹತ್ರ ನಿಜ ಹೇಳಿಬಿಡು ಅಂದೆ ಕಣೇ. ಕೇಳಲಿಲ್ಲ. ‘ಕಾಣಲ್ಲ ಅಂದ್ರೆ ಪರೀಕ್ಷೆ ಹೇಗೆ ಪಾಸಾಯ್ತು ಅಂತ ಕೇಳ್ತಾರೆ. ಸಹಿ ಅವಳದ್ದು. ಮೆಣಸಿನಕಾಯಿ ಕೆಲಸಕ್ಕೆ ಕುತ್ತು ಬರುತ್ತೆ’ ಅಂದ್ರು. ನೀನು ಹೇಳು. ನೀನು ಹೇಳಿದ್ರೆ ಅವರನ್ನ ಮನೆಗೆ ಕಳಿಸಲ್ಲ.”

ಅದು ನಿಜ. ಮೈಯಲ್ಲಿ ಊನವಾಗಿ ಕೆಲಸ ಮಾಡಲಾಗದವನಿಗೆ ಬೇರೆ ಕೆಲಸ ಕೊಡುವ ನಿಯಮ ನಮ್ಮ ಆಫೀಸಿನಲ್ಲಿ ಇದೆ. ಉದಾಸೀನ ಮಾಡಿದವನಿಗೆ ಯಾವ ನಿಯಮವೂ ಇಲ್ಲ. ಬಾಗಿಲು ತೆರೆದು ಜವಾನ ಅಣ್ಣನನ್ನೂ ನನ್ನನ್ನೂ ಒಳಗೆ ಕರೆದ.

ಸಾಹೇಬರ ಮೇಜಿನ ಮೇಲೆ ನನ್ನ ಪರೀಕ್ಷೆಯ ಹಾಳೆ ಇತ್ತು. ಅಣ್ಣ ನಿಂತೇ ಇದ್ದ. ನನಗೆ ಕುರ್ಚಿ ಕೊಟ್ಟಿದ್ದರು.

“ಆವತ್ತು ಮೂರು ಗಂಟೆಗೆ ಸುದ್ದಿ ಬಂತೇನ್ರೀ?” ಸಾಹೇಬರು ಕೇಳಿದರು.

“ಬಂತು ಸಾರ್.”

“ಗುಂಡಿ ಒತ್ತಿದೋರು ಯಾರು?”

“ನಾನೇ ಸಾರ್.”

“ಓದಿ, ಗುಂಡಿನೂ ಒತ್ತಿ, ಗೇಟು ಯಾಕೆ ಎತ್ತಲಿಲ್ಲ?”

ಅಣ್ಣ ಸಾಹೇಬರ ಹೆಗಲ ಪಕ್ಕದ ಕಪಾಟಿನ ಕಡೆ ನೋಡುತ್ತಿದ್ದ.

“ಎಲ್ಲಿ ನೋಡ್ತಿದೀರ? ನನ್ನ ಮುಖ ನೋಡಿ ಮಾತಾಡ್ರೀ.”

ಅವನು ಕತ್ತು ಹೊರಳಿಸಿದ. ಆದರೂ ಕಣ್ಣು ಸಾಹೇಬರ ಮುಖಕ್ಕೆ ಕೂಡಲಿಲ್ಲ, ಈ ಸಲ ಇನ್ನೊಂದು ಕಿವಿಯ ಕಡೆಗೆ ಹೋಯಿತು.

“ನೋಡಿ, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡೋ ಮುಖ ಇಲ್ಲ ಇವರಿಗೆ” ಎಂದು ಸಾಹೇಬರು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ಹೇಳಿದರು. ಚಿಕ್ಕಮ್ಮನ ಮನೆಯ ಮುಂದೆ ನಾನು ಅಂದುಕೊಂಡದ್ದೂ ಅದನ್ನೇ.

“ನನ್ನದೇ ತಪ್ಪು ಸಾರ್” ಎಂದ ಅಣ್ಣ. “ಕಣ್ಣು ಹತ್ತಿಬಿಡ್ತು.”

ಸಾಹೇಬರು ನನ್ನ ಕಡೆ ತಿರುಗಿದರು. “ಅವರ ತಂಗಿ ಅಂತ ಗೊತ್ತು, ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ಪರೀಕ್ಷೆಲಿ ಒಂಬತ್ತನೇ ಗೇಟು ಸರಿಯಾಗಿತ್ತಲ್ಲಮ್ಮಾ? ಮೂರೂ ಕಾಲಂ?”

ನನಗೆ ಎಲ್ಲ ಗೊತ್ತಿತ್ತು. ಗೊತ್ತಾಗಿ ಐದು ನಿಮಿಷವಾಗಿತ್ತು. ಹಾಳೆಯ ಮೇಲೆ ನನ್ನ ನೀಲಿ ಶಾಯಿಯ ಗುರುತು ಕಾಣುತ್ತಿತ್ತು. ಮೇಲಿನ ಕಚೇರಿಯವರ ಚಪ್ಪಾಳೆ, ಸಾಹೇಬರ ಶಭಾಷ್, ಬರಲಿರುವ ಬಡ್ತಿ, ಸುಳ್ಳು ಸಹಿ ಹಾಕಿದವಳು ಎಂಬ ಹೆಸರು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಊರಿಗೆಲ್ಲ ಬಾಯಿ ಮಾಡುವ ಈ ಮೆಣಸಿನಕಾಯಿಯ ಬಾಯಿ ಆವತ್ತು ಎಲ್ಲಿಗೆ ಹೋಗಿತ್ತೋ ಕಾಣೆ. ಅಣ್ಣ ನನ್ನ ಧ್ವನಿ ಬರುವ ದಿಕ್ಕಿಗೆ ಸ್ವಲ್ಪ ತಲೆ ವಾಲಿಸಿ ಕಾಯುತ್ತಿದ್ದ.

“ಇತ್ತು ಸರ್” ಎಂದೆ.

ಅಣ್ಣ ತಲೆ ನೆಟ್ಟಗೆ ಮಾಡಿಕೊಂಡ. ಅಷ್ಟೇ. ನನ್ನನ್ನು ಕಾಪಾಡಲೆಂದೇ ಅವನು ಸುಳ್ಳು ಹೇಳಿದ್ದ, ಸರಿ. ಆದರೆ ನಾನು ಅದನ್ನು ತಡೆಯುತ್ತೇನೆ ಎಂದು ಒಂದು ಕೂದಲೆಳೆಯಷ್ಟಾದರೂ ಅವನು ನಂಬಿದ್ದ. ಆ ತಲೆ ನೆಟ್ಟಗಾದ ರೀತಿಯಲ್ಲೇ ನನಗೆ ಗೊತ್ತಾಯಿತು.

ಹತ್ತು ದಿನಕ್ಕೆ ಅವನನ್ನು ಕೆಲಸದಿಂದ ತೆಗೆದ ಆದೇಶ ಬಂತು. ಕೋಣೆಯ ಬೀಗದ ಕೈ ಒಪ್ಪಿಸಲು ಆಫೀಸಿಗೆ ಬಂದವನು ಗೋಡೆ ಸವರಿಕೊಂಡು ಮೆಟ್ಟಿಲಿಳಿದು ಹೋದ. ಈಗ ಕೆಳಗಿನ ಬೀದಿಯವರು ಅವನಿಗೆ ನಿದ್ದೆ ಗೇಟಣ್ಣ ಎನ್ನುತ್ತಾರಂತೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಗೇಟಿನಲ್ಲಿ ಕಣ್ಣು ಮುಚ್ಚದವನಿಗೆ.

ಹಲೋ ಮಾವನಿಗೆ ಎಲ್ಲ ಹೇಳಿದೆ, ಅವರ ಮನೆಯ ಜಗಲಿಯಲ್ಲಿ ಕೂತು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನನಗೂ ಅನುಮಾನ ಬಂದಿತ್ತಮ್ಮ, ಬಾಯಿಬಿಟ್ಟು ಕೇಳಲಿಲ್ಲ” ಎಂದರು. ಆವತ್ತು ಅವರು ‘ಹಲೋ’ ಎನ್ನುವುದನ್ನು ಮರೆತಿದ್ದರು.

ಕೆಟ್ಟ ಮೇಲೆ ಬುದ್ಧಿ ಬಂತು. ಈಗ ನಮ್ಮ ಸಾಫ್ಟ್‌ವೇರ್‌ನಲ್ಲಿ ಬರೀ ಗುಂಡಿ ಒತ್ತಿದರೆ ಹಸಿರು ಬರುವುದಿಲ್ಲ. ಪರದೆ ಅಂಕಿಯನ್ನು ಜೋರಾಗಿ ಓದಿ ಹೇಳುತ್ತದೆ, ಗೇಟಿನವನು ಅದನ್ನು ತಿರುಗಿ ಹೇಳಬೇಕು, ಸರಿಯಿದ್ದರೆ ಮಾತ್ರ ಹಸಿರು. ಇದನ್ನು ಸೇರಿಸಿದ್ದು ನಾನು. ಕಣ್ಣಿಲ್ಲದವನೂ ಕೆಲಸ ಮಾಡಬಹುದಾದ ವ್ಯವಸ್ಥೆ ಎಂದು ಮೇಲಿನ ಕಚೇರಿಯವರು ಹೊಗಳಿ ಪತ್ರ ಬರೆದಿದ್ದಾರೆ. ಆ ಪತ್ರವನ್ನು ನಾಲ್ಕಾಗಿ ಮಡಚಿ ಮೇಜಿನ ತಳಕ್ಕೆ ಹಾಕಿದ್ದೇನೆ.

ನಿಜವನ್ನು ಬರೆದು ಸಾಹೇಬರಿಗೆ ಅರ್ಜಿಯನ್ನೂ ಕೊಟ್ಟೆ. ಆದೇಶ ಬಂದು ಇಪ್ಪತ್ತಮೂರು ದಿನವಾದ ಮೇಲೆ ಕೊಟ್ಟೆ. ಗುಮಾಸ್ತ ಅದಕ್ಕೆ ‘ತಲುಪಿದೆ’ ಎಂದು ಸೀಲು ಒತ್ತಿ ಒಂದು ಪ್ರತಿ ಕೊಟ್ಟ. ನಾಲ್ಕು ತಿಂಗಳಾಯಿತು. ವಾರಕ್ಕೊಮ್ಮೆ ಹೋಗಿ ಕೇಳುತ್ತೇನೆ. ಅದು ಸಾಹೇಬರ ಮೇಜಿನಲ್ಲೇ ಇದೆಯಂತೆ, ಅವರು ಇನ್ನೂ ನೋಡಿಲ್ಲವಂತೆ.

ಅಣ್ಣನ ಮನೆಗೂ ಹೋದೆ. ಅತ್ತಿಗೆ ಬಾಗಿಲು ತೆರೆದಳು, ಕೂರಿಸಿದಳು, ಕಾಫಿ ಕೊಟ್ಟಳು. ಅಣ್ಣ ಒಳಕೋಣೆಯಿಂದ ಬರಲಿಲ್ಲ. ಬಾಗಿಲ ಆಚೆಯಿಂದಲೇ ತಪ್ಪಾಯಿತು ಕಣೋ ಎಂದೆ, ಅರ್ಜಿ ಕೊಟ್ಟಿದ್ದೇನೆ ಎಂದೆ, ಇನ್ನೂ ಏನೇನೋ ಹೇಳಿದೆ. ಮಂಚ ಕಿರುಗುಟ್ಟಿದ್ದು ಮಾತ್ರ ಕೇಳಿಸಿತು.

ಆವತ್ತಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಅವನಿಗೆ ಫೋನು ಮಾಡುತ್ತೇನೆ. ಬೇರೆ ಏನು ಹೇಳಲೂ ನನಗೆ ಬಾಯಿ ಬರುವುದಿಲ್ಲ, ಹಾಗಾಗಿ ನೀರಿನ ಮಟ್ಟ ಹೇಳುತ್ತೇನೆ. ಅವನು ಎರಡನೆಯ ರಿಂಗಿಗೇ ಎತ್ತುತ್ತಾನೆ, ಒಂದು ದಿನವೂ ತಪ್ಪಿಸಿಲ್ಲ.

“ಅಣ್ಣಾ, ಮೂರು ಅಡಿ ಒಂಬತ್ತು ಅಂಗುಲ” ಎನ್ನುತ್ತೇನೆ. “ತಿರುಗಿ ಹೇಳು.”

“ಬಂತು” ಎನ್ನುತ್ತಾನೆ. ಫೋನು ಇಡುತ್ತಾನೆ.